ಟ್ರೈಕೋ ಕಾರ್ಡ್ ಬೇಕೆಂದರೆ ಮೊದಲು ಪತಂಗ ಸಾಕಿ

ಟ್ರೈಕೋಗ್ರಾಮಾ ಅರ್ಧ ಮಿಲಿಮೀಟರಿನಷ್ಟಿರುವ ಕಣಜ. ಕಬ್ಬಿನ ಕಾಂಡಕೊರಕದ ಮೊಟ್ಟೆಯೊಳಗೆ ಮೊಟ್ಟೆಯಿಟ್ಟು, ಹುಳು ಹುಟ್ಟುವ ಮೊದಲೇ ಅದನ್ನು ಮುಗಿಸುತ್ತದೆ. ಈ ಕಣಜ ಒಳಗೆ ಬೆಳೆಯುತ್ತಿರುವ ಮೊಟ್ಟೆಗಳನ್ನು ಅಂಟಿಸಿದ ರಟ್ಟೇ ಟ್ರೈಕೋ ಕಾರ್ಡ್. ಇದನ್ನು ಸಾಕಲು ಕಾಂಡಕೊರಕವೇ ಬೇಕಿಲ್ಲ, ಅಕ್ಕಿ ಪತಂಗದ ಮೊಟ್ಟೆ ಸಾಕು. ಆದರೆ ಕೆಲಸದ ಮುಕ್ಕಾಲು ಪಾಲು ಆ ಪತಂಗದ್ದೇ.

ಒಂದು ಟ್ರೇಗೆ ಎರಡೂವರೆ ಕಿಲೋ ಸಜ್ಜೆ ಅಥವಾ ಜೋಳದ ನುಚ್ಚು. ಅದನ್ನು 100 ಡಿಗ್ರಿಯಲ್ಲಿ ಅರ್ಧ ಗಂಟೆ ಬಿಸಿ ಮಾಡಿ ಪೂರ್ತಿ ಆರಿಸಿ. ಅದಕ್ಕೆ 100 ಗ್ರಾಂ ಕಡಲೆಕಾಯಿ ಪುಡಿ, ಯೀಸ್ಟ್ ಮತ್ತು ನೀರಿನಲ್ಲಿ ಬೆರೆಯುವ ಗಂಧಕ ತಲಾ 5 ಗ್ರಾಂ ಬೆರೆಸಿ, ಶೇ 0.05ರ ಸ್ಟ್ರೆಪ್ಟೋಮೈಸಿನ್ ದ್ರಾವಣವನ್ನು ಹತ್ತಿಪ್ಪತ್ತು ಮಿಲಿ ಚಿಮುಕಿಸಿ. ಗಂಧಕ ನುಸಿಗೆ, ಸ್ಟ್ರೆಪ್ಟೋಮೈಸಿನ್ ಬ್ಯಾಕ್ಟೀರಿಯಾಕ್ಕೆ, ಎರಡನ್ನೂ ಬಿಡಬೇಡಿ. ಮೇಲೆ ಅರ್ಧ ಸಿಸಿ (ಅರ್ಧ ಮಿಲಿ ಅಳತೆ) ಪತಂಗದ ಮೊಟ್ಟೆ ಉದುರಿಸಿ, ದಟ್ಟ ನೇಯ್ಗೆಯ ಬಟ್ಟೆ ಬಿಗಿದು ಕಟ್ಟಿ. ಸುಮಾರು 40 ದಿನಕ್ಕೆ ಪತಂಗ ಹೊರಡುತ್ತವೆ, ಮುಂದೆ ಒಂದೂವರೆ ತಿಂಗಳು ಬರುತ್ತಲೇ ಇರುತ್ತವೆ.

ಬಟ್ಟೆ ಸಡಿಲವಾದರೆ ಬ್ರಾಕಾನ್ ಕಣಜ ಒಳಹೊಕ್ಕು ಪತಂಗದ ಹುಳುಗಳನ್ನು ಕೊಲ್ಲುತ್ತದೆ. ಹೊಲದಲ್ಲಿ ಅದೂ ರೈತನ ಮಿತ್ರನೇ. ಇಲ್ಲಿ ಮಾತ್ರ ಕಂಡ ಟ್ರೇಯನ್ನು ಆ ಕ್ಷಣವೇ ಕೋಣೆಯಿಂದ ಹೊರಗೆ ಹಾಕಿ. ಪತಂಗದ ಕೋಣೆ, ಕಣಜದ ಕೋಣೆ ಬೇರೆ ಬೇರೆಯೇ ಇರಲಿ.

ಪತಂಗಗಳನ್ನು ದಿನವೂ ಹಿಡಿದು, ತಳಕ್ಕೆ ತಂತಿ ಬಲೆ ಹಾಕಿದ ಡ್ರಮ್ಮಿಗೆ ಬಿಡಿ. ಜೇನು ಬೆರೆಸಿದ ನೀರಲ್ಲಿ ಅದ್ದಿದ ಹತ್ತಿ ಅವುಗಳ ಆಹಾರ. ಕೆಳಗೆ ಉದುರುವ ಮೊಟ್ಟೆಯನ್ನು ಜರಡಿ ಹಿಡಿದು ರೆಕ್ಕೆಯ ಹೊಟ್ಟು ತೆಗೆಯಿರಿ. ಈ ಹೊಟ್ಟು ಉಸಿರಾಟಕ್ಕೆ ಕೆಟ್ಟದ್ದು, ಮಾಸ್ಕ್ ಇಲ್ಲದೆ ಕೂರಬೇಡಿ.

ಈಗ ಕಾರ್ಡು. ಅಂದಂದಿನ ಮೊಟ್ಟೆಯನ್ನು ಒಂದೇ ಪದರವಾಗಿ ಹರಡಿ, 15 ವಾಟ್ ಯುವಿ ದೀಪದಿಂದ ಎರಡು ಅಡಿ ದೂರದಲ್ಲಿ 20–30 ನಿಮಿಷ ಇಡಿ. ದೀಪ ಉರಿಯುವಾಗ ಬರಿಗಣ್ಣಲ್ಲಿ ನೋಡಬೇಡಿ. ಈ ಬೆಳಕಿಗೆ ಮೊಟ್ಟೆಯೊಳಗಿನ ಭ್ರೂಣ ಸಾಯುತ್ತದೆ, ಆದರೆ ಕಣಜಕ್ಕೆ ಬೇಕಾದ ಆಹಾರ ಉಳಿಯುತ್ತದೆ. ರಾಶಿ ಹಾಕಿದರೆ ಅಡಿಯ ಮೊಟ್ಟೆಗಳಿಗೆ ಬೆಳಕು ತಾಗದೆ ಹುಳು ಹುಟ್ಟಿ ಅಕ್ಕಪಕ್ಕದ ಮೊಟ್ಟೆಗಳನ್ನೇ ತಿನ್ನುತ್ತವೆ. ಕಾರ್ಡಿನ ಮೇಲೆ ಹುಳು ಹರಿದಾಡಿದರೆ ತಪ್ಪು ಹೆಚ್ಚಾಗಿ ಇಲ್ಲೇ ಇರುತ್ತದೆ. ಬಳಿಕ ಕಾರ್ಡಿಗೆ ಶೇ 10ರ ಗೋಂದನ್ನು ತೆಳ್ಳಗೆ ಸವರಿ ಒಂದು ಸಿಸಿ ಮೊಟ್ಟೆ ಉದುರಿಸಿ. ಗೋಂದು ದಪ್ಪವಾದರೆ ಮೊಟ್ಟೆ ಮುಳುಗುತ್ತದೆ.

ಇಂಥ ಆರು ಕಾರ್ಡುಗಳಿಗೆ, ಮೊದಲೇ ತಯಾರಾದ, ಕಣಜ ಹೊರಬರಲಿರುವ ಒಂದು ಕಾರ್ಡು ಸೇರಿಸಿ ಪಾಲಿಥೀನ್ ಚೀಲದಲ್ಲಿಡಿ. ಕೋಣೆ 25ರಿಂದ 28 ಡಿಗ್ರಿ ಇರಲಿ. ಕಣಜ ಹೆಚ್ಚಾಗಿ ಮೊಟ್ಟೆ ಸಾಲದಾದರೆ ಒಂದೇ ಮೊಟ್ಟೆಗೆ ಹಲವು ಕಣಜ ಚುಚ್ಚಿ, ಕುಬ್ಜ, ರೆಕ್ಕೆ ಸೊಟ್ಟ ಮರಿಗಳು ಬರುತ್ತವೆ. ಮೂರು–ನಾಲ್ಕು ದಿನಕ್ಕೆ, ಒಳಗೆ ಕಣಜ ಬೆಳೆಯುತ್ತಿರುವ ಮೊಟ್ಟೆ ಕಪ್ಪಾಗುತ್ತದೆ. ನೂರಕ್ಕೆ ತೊಂಬತ್ತು ಕಪ್ಪಾಗದ ಕಾರ್ಡನ್ನು ರೈತರಿಗೆ ಕೊಡುವುದು ಸರಿಯಲ್ಲ. ಕಪ್ಪಾದ ಕಾರ್ಡನ್ನು ಫ್ರಿಜ್ಜಿನಲ್ಲಿ 10 ಡಿಗ್ರಿಯಲ್ಲಿ ಹತ್ತು ದಿನ ಇಡಬಹುದು. ಹೆಚ್ಚು ದಿನವಾದಷ್ಟೂ ಹೊರಬರುವ ಕಣಜ ಕಡಿಮೆ.

ತಲೆಮಾರುಗಟ್ಟಲೆ ಪತಂಗದ ಮೊಟ್ಟೆಯ ಮೇಲೇ ಬೆಳೆದ ಕಣಜಕ್ಕೆ ಹೊಲದಲ್ಲಿ ಹುಡುಕುವ ಚುರುಕು ಕುಂದುತ್ತದೆ. ಆಗಾಗ ಕಬ್ಬಿನ ಗದ್ದೆಯಿಂದ ಕಪ್ಪಾದ ಕೊರಕದ ಮೊಟ್ಟೆ ತಂದು, ಅದರಿಂದ ಬಂದ ಕಣಜದ ಜಾತಿ ಖಚಿತಪಡಿಸಿಕೊಂಡು ತಳಿಗೆ ಸೇರಿಸಿ.

ಎಕರೆಗೆ ಸುಮಾರು ಇಪ್ಪತ್ತು ಸಾವಿರ ಕಣಜ, ಅಂದರೆ ಒಂದು ಕಾರ್ಡು. ಕಣಜ ಹೊರಡುವ ಹಿಂದಿನ ಸಂಜೆ ಪಟ್ಟಿಗಳಾಗಿ ಕತ್ತರಿಸಿ ಎಲೆಯ ಅಡಿಭಾಗಕ್ಕೆ ಸ್ಟೇಪಲ್ ಮಾಡಿ. ಮೊದಲೇ ಕಟ್ಟಿದರೆ ಇರುವೆ ತಿಂದುಬಿಡುತ್ತವೆ.