ಮಲಾವಿಯಲ್ಲಿ ತೊಗರಿ ಖರೀದಿ: ಮೊದಲು ಮೆಕ್ಕೆಜೋಳ ನೋಡಿ

ಆಫ್ರಿಕಾದ ಮಲಾವಿಯಲ್ಲಿ ಭಾರತಕ್ಕೆ ಕಳಿಸುವ ತೊಗರಿ ಕೊಳ್ಳಲು ಹೊರಟವರು ಮೊದಲು ಕೇಳಬೇಕಾದ್ದು ಮೆಕ್ಕೆಜೋಳದ ರೇಟು. ಇದನ್ನು ಹೇಳಿದರೆ ಕಲಬುರಗಿಯ ಕಾಳಿನ ಮಾರುಕಟ್ಟೆ ಗಂಜ್‌ನ ನನ್ನ ಹಳೆಯ ಗೆಳೆಯರು ನಗುತ್ತಾರೆ. ನಮ್ಮದು ರೈತರ ಮಾಲು ಕಮಿಷನ್‌ಗೆ ಮಾರಿಕೊಡುವ ಅಡತ್ ಅಂಗಡಿ ಮನೆತನ. ಕಾಳು ಹಲ್ಲಲ್ಲಿ ಕಚ್ಚಿ ಹಸಿ ಎಷ್ಟಿದೆ ಅಂತ ಹೇಳುವುದು, ಚೀಲಕ್ಕೆ ಕೈ ಹಾಕಿ ಹುಳು ಹಿಡಿದಿದೆಯಾ ಅಂತ ನೋಡುವುದು ಚಿಕ್ಕಂದಿನಿಂದ ಗೊತ್ತು. ಆ ವಿದ್ಯೆ ಮಲಾವಿಯ ಬ್ಲಾಂಟೈರ್ ನಗರಕ್ಕೆ ಸೇರಿದ ಲಿಂಬೇಯಲ್ಲೂ ಕೆಲಸಕ್ಕೆ ಬಂತು. ಆದರೆ ಗಂಜ್‌ನಲ್ಲಿ ಬೆಳಗ್ಗೆ ಸೌದಾ ಆದರೆ ರೇಟು ಗೊತ್ತಾಗುತ್ತದೆ. ಇಲ್ಲಿ ರೈತ ಯಾವಾಗ ಮಾರುತ್ತಾನೆ, ಎಷ್ಟಕ್ಕೆ ಮಾರುತ್ತಾನೆ ಅನ್ನುವುದೆಲ್ಲ ಅವನ ಮನೆಯಲ್ಲಿ ಎಷ್ಟು ಮೆಕ್ಕೆಜೋಳ ಉಳಿದಿದೆ ಅನ್ನುವುದರ ಮೇಲೆ ನಿಂತಿದೆ.

ದೇಶ ಚಿಕ್ಕದು. ಮಲಾವಿ ಸರೋವರವನ್ನೂ ಸೇರಿಸಿದರೆ ಸುಮಾರು 1,18,000 ಚದರ ಕಿ.ಮೀ., ಅಂದರೆ ಕರ್ನಾಟಕದ ಮೂರರಲ್ಲಿ ಎರಡು ಪಾಲಿಗಿಂತ ಸ್ವಲ್ಪ ಕಮ್ಮಿ. 2018ರ ಜನಗಣತಿಯಲ್ಲಿ 1.75 ಕೋಟಿ ಜನ ಇದ್ದರು. ಈಗ 2 ಕೋಟಿ ದಾಟಿದೆ. ನೂರಕ್ಕೆ ಎಂಬತ್ತಕ್ಕೂ ಜಾಸ್ತಿ ಜನ ಹಳ್ಳಿಯಲ್ಲೇ ಇದ್ದಾರೆ. ದಕ್ಷಿಣದ ಜಿಲ್ಲೆಗಳಲ್ಲಿ ಮನೆ ಬಿಟ್ಟರೆ ಹೊಲ, ಹೊಲ ಬಿಟ್ಟರೆ ಮನೆ, ಅಷ್ಟು ಒತ್ತು. ಹೆಚ್ಚಿನವರಿಗೆ ಒಂದು ಹೆಕ್ಟೇರ್ ಭೂಮಿಯೂ ಇಲ್ಲ. ಮಳೆ ಒಂದೇ ಸಲ, ನವೆಂಬರ್‌ನಿಂದ ಏಪ್ರಿಲ್‌ವರೆಗೆ. ಹಾಗಾಗಿ ಅಷ್ಟೇ ಜಾಗದಲ್ಲಿ ಮೆಕ್ಕೆಜೋಳದ ಸಾಲುಗಳ ನಡುವೆ ತೊಗರಿ ಬಿತ್ತುತ್ತಾರೆ. ಮೆಕ್ಕೆಜೋಳ ಏಪ್ರಿಲ್, ಮೇನಲ್ಲಿ ಕೊಯ್ಲಿಗೆ ಬರುತ್ತದೆ. ತೊಗರಿ ಅದಾದ ಮೇಲೂ ಚಳಿಯಲ್ಲಿ ನಿಂತು, ಜುಲೈನಿಂದ ಸೆಪ್ಟೆಂಬರ್‌ವರೆಗೆ ಕಾಯಿ ಬಲಿಯುತ್ತದೆ. ಹಸಿ ಕಾಯಿ ಕುದಿಸಿ ತಿನ್ನುವುದು, ಒಣಗಿದ ತೊಗರಿ ಕಟ್ಟಿಗೆ ಒಲೆಗೆ ಹಾಕುವುದು ಎರಡೂ ನಮ್ಮ ಕಡೆಯ ಹಾಗೇ. ಬೇಳೆ ಮಾಡುವುದು ಮಾತ್ರ ಊರ ಜನಕ್ಕೆ ರೂಢಿ ಇಲ್ಲ. ಇಡೀ ಕಾಳು ಬೇಯಿಸಿ ನ್ಸೀಮಾ ಜೊತೆ ನೆಂಚಿಕೊಳ್ಳುತ್ತಾರೆ. ನ್ಸೀಮಾ ಅಂದರೆ ಮೆಕ್ಕೆಜೋಳದ ಹಿಟ್ಟಿನ ಮುದ್ದೆ. ಅದು ತಿನ್ನದಿದ್ದರೆ ಊಟವೇ ಆಗಿಲ್ಲ ಅನ್ನುವ ಜನ.

ಈ ಮುದ್ದೆಯ ಹಿಟ್ಟು ಡಿಸೆಂಬರ್ ಬರುವ ಹೊತ್ತಿಗೆ ಬಹಳ ಮನೆಗಳಲ್ಲಿ ಮುಗಿಯುತ್ತದೆ. ಮುಂದಿನ ಬೆಳೆ ಬರುವವರೆಗೆ ಕೊಂಡು ತಿನ್ನಬೇಕು, ಇಲ್ಲ ಬೇರೆಯವರ ಹೊಲದಲ್ಲಿ ಗಾನ್ಯು, ಅಂದರೆ ದಿನಗೂಲಿ, ಮಾಡಬೇಕು. 2019-20ರ ಸರ್ಕಾರಿ ಸಮೀಕ್ಷೆ ಪ್ರಕಾರ ದೇಶದ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಜನ ಬಡತನದ ರೇಖೆಯ ಕೆಳಗಿದ್ದಾರೆ. ಅಂಥ ಮನೆಗೆ ತೊಗರಿಯೇ ರೊಕ್ಕ. ಮೆಕ್ಕೆಜೋಳ ಚೆನ್ನಾಗಿ ಬಂದ ವರ್ಷ ತೊಗರಿಯನ್ನು ತಡೆದು ಮಾರುತ್ತಾರೆ, ರೇಟಿಗೆ ಜಗ್ಗುತ್ತಾರೆ. ಮೆಕ್ಕೆಜೋಳ ಕೈಕೊಟ್ಟ ವರ್ಷ ಕಾಳು ಒಣಗುವ ಮುಂಚೆಯೇ ಚೀಲ ಹೊರಬರುತ್ತದೆ. ನಾನು ಮೇ ತಿಂಗಳಲ್ಲೇ ಹಳ್ಳಿ ಸಂತೆಗಳಲ್ಲಿ ಮೆಕ್ಕೆಜೋಳದ ರೇಟು ಬರೆದಿಟ್ಟುಕೊಳ್ಳಲು ಶುರು ಮಾಡಿದೆ. ತೊಗರಿ ಆವಕ ಯಾವಾಗ ಜೋರಾಗುತ್ತದೆ ಅನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಸುಳಿವು ನನಗೆ ಸಿಕ್ಕಿಲ್ಲ.

ಇನ್ನು ಖರೀದಿ. ಒಬ್ಬ ರೈತ ಒಂದು ಸಲಕ್ಕೆ ತರುವುದು ಒಂದು ಬೇಸಿನ್, ಹೆಚ್ಚೆಂದರೆ ಅರ್ಧ ಚೀಲ. ಒಂದು ಇಪ್ಪತ್ತು ಅಡಿ ಕಂಟೇನರ್ ತುಂಬಲು 24 ಟನ್ ಬೇಕು. ಈ ಬೇಸಿನ್‌ಗೂ ಆ ಕಂಟೇನರ್‌ಗೂ ನಡುವೆ ಇರುವವರು ವೆಂಡರ್‌ಗಳು. ಹಳ್ಳಿ ಹಳ್ಳಿ ಸುತ್ತಿ, ಕಾಳು ಕೂಡಿಸಿ, ಕಬಾಜಾ ಎನ್ನುವ ಬಾಡಿಗೆ ಸೈಕಲ್ ಮೇಲೆ ಹೇರಿ ಟಾರು ರಸ್ತೆಗೆ ತರುತ್ತಾರೆ. ಗುಜರಾತಿ ಮೂಲದ ವ್ಯಾಪಾರಿ ಮನೆತನಗಳು ಇಲ್ಲಿ ಬ್ರಿಟಿಷರ ಕಾಲದಿಂದ ಇವೆ. ಆದರೂ ಹಳ್ಳಿಯಲ್ಲಿ ಅವರ ಅಂಗಡಿ ಕಾಣುವುದಿಲ್ಲ. 1970ರ ದಶಕದಲ್ಲಿ ಅಧ್ಯಕ್ಷ ಹೇಸ್ಟಿಂಗ್ಸ್ ಬಾಂಡಾ ಏಷ್ಯಾದವರ ವ್ಯಾಪಾರವನ್ನು ಕೆಲವು ಪಟ್ಟಣಗಳಿಗೆ ಸೀಮಿತ ಮಾಡಿದರು. ಅವರೆಲ್ಲ ಹಳ್ಳಿ ಬಿಟ್ಟು ಬ್ಲಾಂಟೈರ್, ಲಿಲಾಂಗ್ವೆ ಕಡೆ ಬಂದರು. ಬಾಂಡಾ ಅಧಿಕಾರದಿಂದ ಹೋಗಿ ಮೂವತ್ತು ವರ್ಷ ದಾಟಿತು. ಆದರೆ ಗೋದಾಮು ಲಿಂಬೇಯಲ್ಲಿ, ಕಾಳು ಹಳ್ಳಿಯಲ್ಲಿ, ನಡುವೆ ವೆಂಡರ್ ಅನ್ನುವ ಪದ್ಧತಿ ಹಾಗೇ ಉಳಿದಿದೆ.

ವೆಂಡರ್‌ಗಳನ್ನು ಬೈಯುವುದು ಸುಲಭ. ಕೆಟ್ಟ ರಸ್ತೆಯಲ್ಲಿ ಅವರು ಮಾಡುವ ಕೆಲಸವನ್ನು ನಮ್ಮ ಲಾರಿ ಮಾಡಲಾರದು. ತಕರಾರು ಇರುವುದು ತೂಕದಲ್ಲಿ. ಸ್ಪ್ರಿಂಗ್ ತಕ್ಕಡಿ ತಿರುಚಿಟ್ಟು ಹತ್ತು ಕೆಜಿಯನ್ನು ಎಂಟು ಅಂತ ತೋರಿಸುವವರು ಎಲ್ಲ ಸಂತೆಯಲ್ಲೂ ಇದ್ದಾರೆ. ಚಿರಾಡ್ಜುಲು ಜಿಲ್ಲೆಯ ಎಂಬುಲುಂಬುಜಿ ಸಂತೆಯಲ್ಲಿ ನಾನು ನಮ್ಮದೇ ಡಿಪೋ ಹಾಕಿದಾಗ ಒಬ್ಬ ಅಜ್ಜಿ ತಲೆ ಮೇಲೆ ಬೇಸಿನ್ ಹೊತ್ತು ಬಂದರು. ತೊಗರಿ ಕೆಳಗಿಡಲಿಲ್ಲ. ಮೊದಲು ಸೊಂಟಕ್ಕೆ ಕಟ್ಟಿದ ಚಿಟೆಂಜೆ ಬಟ್ಟೆಯ ಗಂಟು ಬಿಚ್ಚಿ, ಅಂಗಡಿಯಿಂದ ತಂದ ಒಂದು ಕೆಜಿ ಸಕ್ಕರೆ ಪ್ಯಾಕೆಟ್ ತೆಗೆದು ನಮ್ಮ ತಕ್ಕಡಿ ಮೇಲಿಟ್ಟರು. ಮುಳ್ಳು ಒಂದಕ್ಕೆ ಬಂದು ನಿಂತಿತು. ಪ್ಯಾಕೆಟ್ ವಾಪಸ್ ಗಂಟು ಕಟ್ಟಿಕೊಂಡು, ಆಮೇಲೆ ಬೇಸಿನ್ ಇಳಿಸಿದರು. ಮಾರನೆಯ ದಿನದಿಂದ ನಾನೇ ಒಂದು ಸಕ್ಕರೆ ಪ್ಯಾಕೆಟ್ ತಕ್ಕಡಿ ಪಕ್ಕ ಇಡಿಸಿದೆ. ಯಾರು ಬೇಕಾದರೂ ಇಟ್ಟು ನೋಡಬಹುದು. ಬೋರ್ಡು, ಜಾಹೀರಾತು ಯಾವುದೂ ತರದಷ್ಟು ಕಾಳು ಅದು ತಂದಿತು.

ಅಜ್ಜಿ ಬಂದದ್ದು ಸುಮ್ನೆ ಅಲ್ಲ. ದಕ್ಷಿಣದ ಲೋಮ್ವೆ, ಯಾವೊ ಜನರಲ್ಲಿ, ನಡುನಾಡಿನ ಚೇವಾ ಜನರಲ್ಲಿ ಭೂಮಿ ತಾಯಿಯಿಂದ ಮಗಳಿಗೆ ಹೋಗುತ್ತದೆ. ಮದುವೆಯಾದ ಗಂಡಸು ಹೆಂಡತಿಯ ಊರಿಗೆ ಹೋಗಿ ಇರುತ್ತಾನೆ. ನಮ್ಮ ತುಳುನಾಡಿನ ಅಳಿಯಕಟ್ಟು ಗೊತ್ತಿದ್ದವರಿಗೆ ಇದು ಬೇಗ ಅರ್ಥವಾಗುತ್ತದೆ. ನಾನು ಬಯಲುಸೀಮೆಯವನು, ನನಗೆ ಹೊಸದು. ಊರಿನ ಮುಖ್ಯಸ್ಥರ ಮುಂದೆ ಸಭೆ ಮಾಡಿದರೆ ಮಾತಾಡುವವರು ಗಂಡಸರೇ. ಆದರೆ ಬಿತ್ತನೆ ಬೀಜ ಸಾಲಕ್ಕೆ ಕೊಟ್ಟು, ಬೆಳೆ ಬಂದಾಗ ನಮಗೇ ಮಾರಿ ಅನ್ನುವ ಒಪ್ಪಂದ ಮಾಡುವಾಗ ನಾನು ಹೆಂಗಸರ ಹೆಸರಲ್ಲೇ ಬರೆಸುತ್ತಿದ್ದೆ. ಗಂಡ ಬಿಟ್ಟು ಹೋದರೂ ಹೊಲ ಅಲ್ಲೇ ಇರುತ್ತದೆ, ಹೆಂಡತಿಯೂ ಅಲ್ಲೇ ಇರುತ್ತಾಳೆ. ಹೆಂಗಸರ ಉಳಿತಾಯ ಗುಂಪುಗಳೂ ಊರೂರಿಗೆ ಇವೆ. ಬ್ಯಾಂಕ್ ಎಂಖೊಂಡೆ ಅಂತಾರೆ, ಜಗಲಿ ಮೇಲೆ ಕೂತು ನಡೆಸುವ ಬ್ಯಾಂಕು. ನಮ್ಮ ಸ್ತ್ರೀಶಕ್ತಿ ಸಂಘ ಇದ್ದ ಹಾಗೆ. ಅಲ್ಲಿ ಸಾಲ ಸಿಗುವ ಊರಿನವರು ತೊಗರಿಯನ್ನು ಅವಸರಕ್ಕೆ ಮಾರುವುದಿಲ್ಲ. ನಮ್ಮಂಥ ಖರೀದಿದಾರರಿಗೆ ರೇಟು ಸ್ವಲ್ಪ ಜಾಸ್ತಿ ಬೀಳುತ್ತದೆ, ಆದರೆ ಕಾಳು ಒಣಗಿ, ಸೋಸಿ, ಸ್ವಚ್ಛವಾಗಿ ಬರುತ್ತದೆ.

ರೈತರ ಲೆಕ್ಕ ಇಷ್ಟಾದರೆ ಪಟ್ಟಣದ ಲೆಕ್ಕವೇ ಬೇರೆ. ಅಲ್ಲಿ ಎಲ್ಲವೂ ಡಾಲರ್. ಮಲಾವಿಯ ರಫ್ತು ಗಳಿಕೆಯಲ್ಲಿ ದೊಡ್ಡ ಪಾಲು ತಂಬಾಕಿನದು. ಆಮೇಲೆ ಚಹಾ, ಸಕ್ಕರೆ. ಪೆಟ್ರೋಲ್, ಗೊಬ್ಬರ, ಔಷಧಿ ಎಲ್ಲ ಹೊರಗಿನಿಂದ ಬರಬೇಕು. ಬರುವ ಡಾಲರ್ ಸಾಲುವುದಿಲ್ಲ. 2022ರ ಮೇನಲ್ಲಿ ಇಲ್ಲಿಯ ಹಣ ಕ್ವಾಚಾದ ಬೆಲೆ ಶೇ. 25ರಷ್ಟು ಇಳಿಸಿದರು. 2023ರ ನವೆಂಬರ್‌ನಲ್ಲಿ ಒಂದೇ ಏಟಿಗೆ ಡಾಲರ್‌ಗೆ ಸುಮಾರು 1,180 ಕ್ವಾಚಾ ಇದ್ದದ್ದು 1,700 ಆಯಿತು. ಅದೂ ಬ್ಯಾಂಕಿನ ರೇಟು. ಹೊರಗಿನ ರೇಟು ಇನ್ನೂ ಮೇಲೆ. ಡಾಲರ್ ಇಲ್ಲ ಅಂದರೆ ಪೆಟ್ರೋಲ್ ಇಲ್ಲ, ಬಂಕಿನ ಮುಂದೆ ರಾತ್ರಿಯಿಡೀ ಗಾಡಿಗಳ ಸಾಲು.

ಇದಕ್ಕೂ ತೊಗರಿಗೂ ಏನು ಸಂಬಂಧ ಅಂತೀರಾ? ಟೈರು, ಪ್ಲಾಸ್ಟಿಕ್, ಬಿಡಿಭಾಗ ತರಿಸುವ ವ್ಯಾಪಾರಿಗೆ ಬ್ಯಾಂಕಿನಲ್ಲಿ ಡಾಲರ್ ಸಿಗುವುದಿಲ್ಲ. ಅವನು ತೊಗರಿ ಕೊಂಡು ಹೊರಗೆ ಕಳಿಸಿ ಡಾಲರ್ ಸಂಪಾದಿಸುತ್ತಾನೆ. ತೊಗರಿಯಲ್ಲಿ ನಷ್ಟವಾದರೂ ಅವನಿಗೆ ಚಿಂತೆಯಿಲ್ಲ, ಟೈರಿನಲ್ಲಿ ಎತ್ತಿಕೊಳ್ಳುತ್ತಾನೆ. ಹೀಗಾಗಿ ಕೆಲವು ವಾರ ಲಿಂಬೇ ರೇಟು ಮುಂಬೈ ರೇಟಿಗೆ ತಾಳೆಯೇ ಆಗುವುದಿಲ್ಲ. ನಾನು ದಿನಾ ಉಲ್ಟಾ ಲೆಕ್ಕ ಹಾಕುತ್ತಿದ್ದೆ. ಮುಂಬೈ ಪಕ್ಕದ ನ್ಹಾವಾ ಶೇವಾ ಬಂದರಿನ ರೇಟಿನಿಂದ ಹಡಗು ಬಾಡಿಗೆ, ಬಂದರಿನ ಖರ್ಚು, ಲಾರಿ ಬಾಡಿಗೆ, ಫ್ಯುಮಿಗೇಶನ್ (ಹುಳು ಕೊಲ್ಲುವ ಹೊಗೆ), ಚೀಲ, ಹಮಾಲಿ, ಬಡ್ಡಿ ಎಲ್ಲ ಕಳೆದು ಎಂಬುಲುಂಬುಜಿಯಲ್ಲಿ ಕೆಜಿಗೆ ಎಷ್ಟು ಕೊಡಬಹುದು ಅಂತ. ಆ ಅಂಕಿ ಮೀರಿದ ದಿನ ಖರೀದಿ ನಿಲ್ಲಿಸಿ ಚಹಾ ಕುಡಿಯುತ್ತಾ ಕೂರುತ್ತಿದ್ದೆವು. ಡಾಲರ್‌ಗಾಗಿ ಕೊಳ್ಳುವವನ ಜೊತೆ ಪೈಪೋಟಿಗೆ ಇಳಿದರೆ ಅಂಗಡಿ ಮುಚ್ಚಬೇಕಾಗುತ್ತದೆ.

ಆ ಕಳೆಯುವ ಪಟ್ಟಿಯಲ್ಲಿ ದೊಡ್ಡದು ರಸ್ತೆ ಖರ್ಚು. ಈ ದೇಶಕ್ಕೆ ಸಮುದ್ರವಿಲ್ಲ. ಬ್ಲಾಂಟೈರ್‌ನಿಂದ ಬೈರಾ ಬಂದರಿಗೆ ಸುಮಾರು 800 ಕಿ.ಮೀ. ಲಾರಿ ದಾರಿ, ನಕಾಲಾಗೆ ರೈಲೂ ಇದೆ. ಎರಡೂ ಬಂದರು ಪಕ್ಕದ ದೇಶ ಮೊಜಾಂಬಿಕ್‌ನವು. ಅಲ್ಲಿ ಗಲಾಟೆ ಆದರೂ, ಚಂಡಮಾರುತ ಬಂದರೂ ನಮ್ಮ ಕಾಳು ನಿಲ್ಲುತ್ತದೆ. ದಕ್ಷಿಣದ ನ್ಸಾಂಜೆಯಲ್ಲಿ ನದಿ ಬಂದರು ಕಟ್ಟಿ, ಶಿರೆ ಮತ್ತು ಜಾಂಬೆಜಿ ನದಿಗಳ ಮೇಲೆ ಸಮುದ್ರ ಮುಟ್ಟುವ ಯೋಜನೆ ಮಾಡಿದ್ದರು. 2010ರಲ್ಲಿ ಅಧ್ಯಕ್ಷ ಬಿಂಗು ವಾ ಮುಥಾರಿಕಾ ಉದ್ಘಾಟನೆಯನ್ನೂ ಮಾಡಿದರು. ಆದರೆ ತನ್ನ ನೀರಿನ ಮೇಲೆ ದೋಣಿ ಹೋಗಲು ಮೊಜಾಂಬಿಕ್ ಬಿಡಲಿಲ್ಲ. 2023ರ ಮಾರ್ಚ್‌ನಲ್ಲಿ ಫ್ರೆಡ್ಡಿ ಚಂಡಮಾರುತ ಬಂದಾಗ ಚಿರಾಡ್ಜುಲು, ಮುಲಾಂಜೆ, ಫಲೊಂಬೆ ಕಡೆ ಗುಡ್ಡ ಕುಸಿದು ಹೊಲಗಳೇ ಹೋದವು. ಸತ್ತವರು, ಕಾಣೆಯಾದವರು ಸೇರಿ ಸಾವಿರಕ್ಕೂ ಮೇಲೆ. ಆ ವರ್ಷ ಲೆಕ್ಕದ ಪುಸ್ತಕದ ಬಗ್ಗೆ ಮಾತಾಡುವುದು ಬೇಡ.

ಇಷ್ಟೆಲ್ಲ ದಾಟಿದರೂ ಕೊನೆಯ ಬಾಗಿಲ ಚಿಲಕ ದೆಹಲಿಯ ಕೈಯಲ್ಲಿದೆ. 2015ರಲ್ಲಿ ಭಾರತದಲ್ಲಿ ತೊಗರಿಬೇಳೆ ಕೆಜಿಗೆ 200 ರೂಪಾಯಿ ಮುಟ್ಟಿದಾಗ ಇಲ್ಲಿಯ ರೈತರಿಗೆ ಹಿಂದೆಂದೂ ಕಾಣದ ರೇಟು ಸಿಕ್ಕಿತು. ಎಲ್ಲರೂ ತೊಗರಿ ಬಿತ್ತಿದರು. 2017ರ ಆಗಸ್ಟ್‌ನಲ್ಲಿ, ಇಲ್ಲಿ ಕೊಯ್ಲು ನಡೆದಿರುವಾಗಲೇ, ಭಾರತ ಆಮದಿಗೆ ವರ್ಷಕ್ಕೆ 2 ಲಕ್ಷ ಟನ್ ಮಿತಿ ಹಾಕಿತು. ಮೊಜಾಂಬಿಕ್‌ಗೆ ಭಾರತದ ಜೊತೆ 2016ರ ಒಪ್ಪಂದ ಇತ್ತು, ಮಲಾವಿಗೆ ಆಗ ಇರಲಿಲ್ಲ. ರೇಟು ನೆಲ ಕಚ್ಚಿತು. ಮಲಾವಿಗೆ ವರ್ಷಕ್ಕೆ 50,000 ಟನ್‌ನಂತೆ ಐದು ವರ್ಷದ ಒಪ್ಪಂದ ಆದದ್ದು 2021ರಲ್ಲಿ. ಆಮೇಲೆ ಕಾಳು ಯಾವ ದೇಶದ್ದು ಅಂತ ಹೇಳುವ ಪ್ರಮಾಣಪತ್ರಕ್ಕೆ ಬೆಲೆ ಬಂತು. ಮುಲಾಂಜೆಯ ಗಡಿಯಲ್ಲಿ ಸೈಕಲ್ ಮೇಲೆ ಆಚೆಯ ತೊಗರಿ ಈಚೆ, ಈಚೆಯದು ಆಚೆ ಹೋಗುತ್ತಲೇ ಇರುತ್ತದೆ. ಚೀಲಕ್ಕೆ ಪಾಸ್‌ಪೋರ್ಟ್ ಎಲ್ಲಿಂದ ತರುವುದು? ನಾನು ಗಡಿ ಪಕ್ಕದ ಸಂತೆಗಳನ್ನು ಬಿಟ್ಟು ಚಿರಾಡ್ಜುಲು, ಜೋಂಬಾ ಕಡೆ ಖರೀದಿ ಇಟ್ಟುಕೊಳ್ಳಲು ಅದೂ ಒಂದು ಕಾರಣ.

ಊರಿಗೆ ಬಂದಾಗ ಇದೇ ತೊಗರಿಗೆ ಬೈಸಿಕೊಂಡಿದ್ದೇನೆ. "ಆಫ್ರಿಕಾದ ಮಾಲು ತಂದು ನಮ್ಮ ರೇಟು ಕೆಡಸ್ತೀಯಲ್ಲೋ" ಅಂತ ಸೋದರಮಾವ ಮುಖಕ್ಕೇ ಹೇಳಿದರು. ಅವರ ಮಾತು ಸುಳ್ಳಲ್ಲ. ಮಲಾವಿಯ ಮಾಲು ಅಕ್ಟೋಬರ್, ನವೆಂಬರ್‌ನಲ್ಲಿ ಮುಂಬೈ ಮುಟ್ಟುತ್ತದೆ, ಕಲಬುರಗಿಯ ಹೊಸ ತೊಗರಿ ಡಿಸೆಂಬರ್, ಜನವರಿಯಲ್ಲಿ ಗಂಜ್‌ಗೆ ಬರುತ್ತದೆ. ತಡವಾದ ಹಡಗು ನಮ್ಮ ರೈತರ ಮೇಲೇ ಬೀಳುತ್ತದೆ. ಆದರೆ ನೆಟೆ ರೋಗ ಬಂದು ನಮ್ಮ ಬೆಳೆ ಹೋದ ವರ್ಷ ದಾಲ್ ಮಿಲ್‌ಗಳು ಓಡಿದ್ದೂ ಹೊರಗಿನ ಕಾಳಿನಿಂದಲೇ. ಆಮದು ಬೇಕೋ ಬೇಡವೋ ಅನ್ನುವುದಕ್ಕಿಂತ, ಬಿತ್ತುವ ಮುಂಚೆ ಹೇಳಿ ಅನ್ನುವುದು ನನ್ನ ತಕರಾರು. ಕೊಯ್ಲಿನ ಹೊತ್ತಿಗೆ ನಿಯಮ ಬದಲಾದರೆ ಎಂಬುಲುಂಬುಜಿಯವರಿಗೂ ಆಳಂದದವರಿಗೂ ಪೆಟ್ಟು ಒಂದೇ.

2024ರಲ್ಲಿ ಮಲಾವಿಗೆ ಎಲ್ ನಿನೊ ಬರ ಬಂತು. 28 ಜಿಲ್ಲೆಗಳಲ್ಲಿ 23ರಲ್ಲಿ ಸರ್ಕಾರ ವಿಪತ್ತು ಘೋಷಿಸಿತು. ಮೇ ತಿಂಗಳ ನನ್ನ ಪಟ್ಟಿಯಲ್ಲಿ ಮೆಕ್ಕೆಜೋಳದ ರೇಟು ಆಗಲೇ ಹೆದರಿಸುವಂತಿತ್ತು. ಹಸಿ ಕಾಳು ಬೇಗ ಬರುತ್ತದೆ ಅಂತ ಗೊತ್ತಾಗಿ ಜೂನ್‌ನಲ್ಲೇ ಟಾರ್ಪಾಲಿನ್ ತರಿಸಿ ಡಿಪೋ ಅಂಗಳದಲ್ಲಿ ಹಾಸಿದೆವು. ಕಾಳು ಕೊಂಡ ದಿನವೇ ಬಿಸಿಲಿಗೆ ಹರವಿ, ದಿನಕ್ಕೆ ಎರಡು ಸಲ ಕೈಯಾಡಿಸಿ, ತೇವಾಂಶ ಶೇ. 12ಕ್ಕೆ ಇಳಿದ ಮೇಲೆ ಚೀಲ ಹೊಲಿಸಿದೆವು. ಹರವಿ ಕೈಯಾಡಿಸುವ ಕೆಲಸಕ್ಕೆ ಅಲ್ಲಿಯ ಹೆಂಗಸರನ್ನೇ ಇಟ್ಟುಕೊಂಡೆವು. ಕೂಲಿಯನ್ನು ದುಡ್ಡಿನಲ್ಲಿ ಬೇಡ, ಮೆಕ್ಕೆಜೋಳದಲ್ಲೇ ಕೊಡಿ ಅಂತ ಅವರು ಕೇಳಿದರು. ಹಾಗೇ ಕೊಟ್ಟೆವು.