ಜ್ವರಕ್ಕೆ ಕೂತ ಹುಳು, ಚಳಿಗಾಲದ ಆರ್ಕಿಡ್

ಶಿಡ್ಲಘಟ್ಟದ ಪಕ್ಕದ ಹಳ್ಳಿ ನಮ್ಮದು. ರೇಷ್ಮೆ ಹುಳು ಸಾಕುವ ಮನೆ. ಹುಳು ಮನೆಯ ಪೂರ್ವದ ಸೂರಿನಡಿ, ಮುರಿದ ಚಂದ್ರಂಕಿಯ (ಹುಳು ಗೂಡು ಕಟ್ಟುವ ತಟ್ಟೆ) ಬಿದಿರಿನ ಚೌಕಟ್ಟಿಗೆ ನನ್ನ ಡೆಂಡ್ರೋಬಿಯಂ ಜೆಂಕಿನ್ಸಿ ಎಂಬ ಆರ್ಕಿಡ್ ನೇತಾಡುತ್ತದೆ. ಇಡೀ ಗಿಡ ಅಂಗೈಯಷ್ಟು. ಇದರ ಉಬ್ಬಿದ ಕಾಂಡಕ್ಕೆ ನಾನು ಗುಂಡು ಅನ್ನುತ್ತೇನೆ, ಒಂದೊಂದು ಸುಮಾರು ಒಂದಿಂಚು, ಅದರ ತಲೆ ಮೇಲೆ ದಪ್ಪನೆಯ ಒಂದೇ ಎಲೆ. ಮಾರ್ಚ್ ಹೊತ್ತಿಗೆ ಗುಂಡಿನ ಬದಿಯಿಂದ ಅರಿಶಿನ ಬಣ್ಣದ ಹೂ ಬರುತ್ತದೆ, ಒಂದೋ ಎರಡೋ. ಹೂವಿನ ಪಕ್ಕ ಗುಂಡೇ ಕಾಣುವುದಿಲ್ಲ.

ಕೊಳ್ಳುವಾಗ ಹುಷಾರು. ಇದರ ಅಕ್ಕನಂತಿರುವ ಲಿಂಡ್ಲೆಯಿ ಎಂಬ ಗಿಡವನ್ನೂ ಇದೇ ಹೆಸರಲ್ಲಿ ಕೊಟ್ಟುಬಿಡುತ್ತಾರೆ. ಅದರ ಗುಂಡು ದೊಡ್ಡದು, ಹೂ ಗೊಂಚಲಾಗಿ ಜೋತು ಬೀಳುತ್ತದೆ. ಕಾಡಿನಿಂದ ಕಿತ್ತು ತಂದದ್ದು ಬೇಡವೇ ಬೇಡ, ನರ್ಸರಿಯಲ್ಲಿ ಬೆಳೆಸಿದ್ದನ್ನೇ ಕೇಳಿ.

ನಮ್ಮ ಅತ್ತೆ ಇದನ್ನು ನೋಡಿದ ದಿನವೇ ಹೇಳಿದರು, "ಇದು ಬದನಿಕೆ ಕಣೇ, ಮಾವಿನ ಮರಕ್ಕೆ ಕಟ್ಟಬೇಡ." ಬದನಿಕೆ ಮರದೊಳಗೆ ಇಳಿದು ರಸ ಹೀರುತ್ತದೆ. ಇದು ಸುಮ್ನೆ ಕೊಂಬೆ ಮೇಲೆ ಕೂರುತ್ತದೆ, ಮರದ್ದು ಏನನ್ನೂ ತಿನ್ನುವುದಿಲ್ಲ. ಮಣ್ಣೂ ಬೇಡ. ಮಣ್ಣಿಗಿಟ್ಟರೆ ಬೇರಿಗೆ ಗಾಳಿಯಿಲ್ಲದೆ ಕೊಳೆಯುತ್ತದೆ.

ಕಟ್ಟಲು ಚೆನ್ನಾಗಿ ಒಣಗಿದ ಮಾವಿನ ಕೊಂಬೆಯ ತುಂಡು ಸಾಕು, ತೊಗಟೆ ಒರಟಾಗಿರಲಿ. ನಮ್ಮ ಕಡೆ ನೀಲಗಿರಿ ಸುಲಭವಾಗಿ ಸಿಗುತ್ತದೆ, ಆದರೆ ಅದರ ತೊಗಟೆ ಸುಲಿದು ಬೀಳುತ್ತದೆ, ಗಿಡವೂ ಜೊತೆಗೇ ಬೀಳುತ್ತದೆ. ತೆಂಗಿನ ನಾರು ಹಾಕುವುದಾದರೆ ಎರಡು ಮೂರು ದಿನ ನೀರು ಬದಲಿಸುತ್ತಾ ನೆನೆಸಿ, ಉಪ್ಪು ಹೋಗಲಿ. ಅದೂ ತೆಳ್ಳಗೆ ಒಂದು ಪದರ. ಹೂ ಮುಗಿದು ಹೊಸ ಬೇರಿನ ಹಸಿರು ತುದಿ ಕಂಡಾಗ ಕಟ್ಟಬೇಕು, ಆಗಲೇ ಬೇರು ಮರ ಹಿಡಿಯುತ್ತದೆ. ನಾನು ಪಕ್ಕದ ಮನೆಯವರ ಹತ್ತಿರ ಕೇಳಿ ತಂದ ಕಚ್ಚಾ ರೇಷ್ಮೆ ನೂಲನ್ನು ಹತ್ತು ಎಳೆ ಸೇರಿಸಿ ಬಿಗಿದೆ. ನೂಲು ಸವೆಯುವ ಹೊತ್ತಿಗೆ ಬೇರು ಗಟ್ಟಿಯಾಗಿತ್ತು. ಆಮೇಲೆ ಅದನ್ನು ಬಿಚ್ಚುವುದು, ಬೇರೆ ಕಡೆ ಕಟ್ಟುವುದು ಮಾಡಬೇಡಿ. ಬೇರು ಮುಟ್ಟಿದರೆ ಇದಕ್ಕೆ ಆಗದು. ಬೆಳಗಿನ ಎಳೆ ಬಿಸಿಲು ಬೀಳಬೇಕು, ಹನ್ನೊಂದರ ನಂತರ ನೆರಳು.

ನೀರಿನದ್ದೇ ದೊಡ್ಡ ಕತೆ. ನಮ್ಮ ಬೋರ್ ನೀರು ಗಡಸು, ಜೊತೆಗೆ ಫ್ಲೋರೈಡ್. ಪಾತ್ರೆಯಲ್ಲಿ ಬಿಳಿ ಕರೆ ಕಟ್ಟುವ ನೀರು ಬೇರಿನ ಮೇಲೂ ಕರೆ ಕಟ್ಟುತ್ತದೆ. ಅದಕ್ಕೆ ಶೀಟಿನ ಮೇಲಿನ ಮಳೆ ನೀರನ್ನು ಡ್ರಮ್ಮಿಗೆ ಹಿಡಿಯುತ್ತೇನೆ. ಮೊದಲ ಮಳೆಯ ಕೊಳಕು ನೀರು ಹೊರಗೆ ಹೋಗಲಿ. ಏಪ್ರಿಲ್‌ಗೆ ಡ್ರಮ್ಮು ಖಾಲಿ ಆದರೆ ಊರಿನ ಶುದ್ಧ ನೀರಿನ ಘಟಕದ ಕ್ಯಾನಿನಿಂದ ಒಂದು ಲೋಟ. ಇಷ್ಟು ಪುಟ್ಟ ಗಿಡಕ್ಕೆ ಇನ್ನೆಷ್ಟು ಬೇಕು? ಬೇರು ಒಣಗಿದಾಗ ಬೆಳ್ಳಗಿರುತ್ತದೆ, ನೀರು ಕುಡಿದಾಗ ಹಸಿರಾಗುತ್ತದೆ. ಹಸಿರಿದ್ದರೆ ಹಾಕಬೇಡಿ. ಬೇಸಿಗೆಯಲ್ಲಿ ದಿನಾ ಬೆಳಿಗ್ಗೆ, ಒಣಗಾಳಿ ಜಾಸ್ತಿ ಇದ್ದರೆ ಸಂಜೆಯೂ ಒಮ್ಮೆ.

ಗೊಬ್ಬರ ಅಂದರೆ ನೀರಲ್ಲಿ ಕರಗುವ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮ ಪಾಲು), ಲೀಟರಿಗೆ ಅರ್ಧ ಗ್ರಾಂ, 15 ದಿನಕ್ಕೊಮ್ಮೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾತ್ರ. ಹಿಟ್ಟು ತಿಗಣೆ ಬರುತ್ತದೆ, ಹಿಪ್ಪುನೇರಳೆಗೆ ತುಕ್ರ, ಅಂದರೆ ಎಲೆ ಮುದುಡುವ ರೋಗ, ತರುವ ತಿಗಣೆಯ ಜಾತಿಯದೇ. ಔಷಧಿ ಹೊಡೆಯುವ ಮಾತೇ ಇಲ್ಲ, ಪಕ್ಕದಲ್ಲೇ ಹುಳು. ಹತ್ತಿಯನ್ನು ಸೋಪಿನ ನೀರಲ್ಲಿ ಅದ್ದಿ ಒರೆಸುತ್ತೇನೆ. ಹುಳು ಮನೆಗೆ ಬ್ಲೀಚಿಂಗ್ ಪುಡಿ ಹಾಕುವ ದಿನ ಗಿಡ ಹಿತ್ತಲಿಗೆ ಹೋಗುತ್ತದೆ.

ನಾನು ತಪ್ಪಿದ್ದು ಚಳಿಗಾಲದಲ್ಲಿ. ಇದು ಅಸ್ಸಾಂ, ಭೂತಾನ್, ಬರ್ಮಾ ಕಡೆಯ ಗಿಡ. ಅಸ್ಸಾಂ ಅಂದರೆ ಮಳೆ, ಅಲ್ವಾ? ಹಾಗೆಂದುಕೊಂಡು ಮೊದಲ ವರ್ಷ ಡಿಸೆಂಬರ್‌ನಲ್ಲೂ ದಿನಾ ನೀರು ಹಾಕಿದೆ. ಮೂರು ಗುಂಡು ಕೊಳೆತವು, ಹೂ ಒಂದೂ ಇಲ್ಲ. ಆ ಕಡೆ ಮಳೆ ಸುರಿಯುವುದು ಬೇಸಿಗೆ, ಮುಂಗಾರಿನಲ್ಲಿ. ಚಳಿಗಾಲ ಅಲ್ಲೂ ಒಣಗಾಲವೇ. ರೇಷ್ಮೆ ಹುಳು ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ, ಅಂದರೆ ಮೇಯುವುದು ಬಿಟ್ಟು ಪೊರೆ ಕಳಚುತ್ತದೆ. ತಲೆಯೆತ್ತಿ ಅಲ್ಲಾಡದೆ ಕೂತಾಗ ಸೊಪ್ಪು ಹಾಕುತ್ತೀವಾ? ಇಲ್ಲ. ಈ ಗಿಡಕ್ಕೂ ನವೆಂಬರ್‌ನಿಂದ ಫೆಬ್ರವರಿವರೆಗೆ ಜ್ವರ. ಗೊಬ್ಬರ ಬಂದ್. ನಮ್ಮಲ್ಲಿ ಬೆಳಗಿನ ಮಂಜೇ ಸಾಕಾಗುತ್ತದೆ. ಗುಂಡು ಸ್ವಲ್ಪ ಸುಕ್ಕಾದರೆ ಹೆದರಬೇಡಿ. ಒಣದ್ರಾಕ್ಷಿ ಹಾಗೆ ಆದರೆ ಮಾತ್ರ ಒಂದು ಸಲ ಸ್ಪ್ರೇ.

ಫೆಬ್ರವರಿ ಕೊನೆಗೆ ಗುಂಡಿನ ಬದಿಯಲ್ಲಿ ರಾಗಿ ಕಾಳಿನಷ್ಟು ಹಸಿರು ಕಾಣುತ್ತದೆ. ನೀರು ಹಾಕೋಣ ಅಂತ ಕೈ ತುರಿಸುತ್ತದೆ. ತಡೆಯಿರಿ. ಮೊಗ್ಗು ಬಿಡಿಬಿಡಿಯಾಗಿ ಕಂಡ ಮೇಲೆ ಮೂರು ದಿನಕ್ಕೊಮ್ಮೆ ಶುರು ಮಾಡಿ, ಹೂ ಬಿರಿದ ಮೇಲೆ ದಿನಾ. ಈ ಸಲ ನನಗೆ 9 ಹೂ ಬಂತು. ಬದನಿಕೆ ಅಂದಿದ್ದ ಅತ್ತೆ ಅದರಲ್ಲಿ ಎರಡು ಕಿತ್ತು ದೇವರಿಗೆ ಇಟ್ಟುಬಿಟ್ಟರು.