ಘಾಟಿ ಏರಲು ಹಿಂಚಕ್ರಕ್ಕೆ 34 ಹಲ್ಲಿನ ಗೇರು: ನನ್ನ ಅನುಭವ

ಸೋಮೇಶ್ವರದಿಂದ ಆಗುಂಬೆಗೆ ರೋಡ್ ಬೈಕಿನಲ್ಲಿ, ಅಂದರೆ ಡಾಂಬರು ರಸ್ತೆಯ ಗೇರ್ ಸೈಕಲ್ಲಿನಲ್ಲಿ, ಹತ್ತುವವರಿಗೆ, ಆ ಘಾಟಿಯ 14 ಹೇರ್‌ಪಿನ್ ತಿರುವುಗಳಲ್ಲಿ ಎಡಕ್ಕೆ ಹೊರಳುವವೇ ಹೆಚ್ಚು ಕಠಿಣ. ರಸ್ತೆಯ ಎಡಬದಿಯಲ್ಲಿ ಸಾಗುವ ನಮಗೆ ಅಲ್ಲಿ ತಿರುವಿನ ಒಳಅಂಚು ಸಿಗುತ್ತದೆ. ಏರಬೇಕಾದ ಎತ್ತರ ಅಷ್ಟೇ ಇದ್ದು ಸಾಗುವ ದೂರ ಮಾತ್ರ ಕಿರಿದಾಗುವುದರಿಂದ ಏರು ಒಮ್ಮೆಲೇ ಕಡಿದಾಗುತ್ತದೆ. ಎದುರಿನಿಂದ ವಾಹನ ಇಳಿದು ಬರುತ್ತಿದ್ದರೆ ಹೊರಅಂಚಿಗೆ ಸರಿಯುವುದೂ ಸಾಧ್ಯವಿಲ್ಲ. ಇಂಥ ಕಡೆ ಸೀಟು ಬಿಟ್ಟು ಎದ್ದು ತುಳಿದರೆ ಮೈಭಾರ ಮುಂದಕ್ಕೆ ಹೋಗಿ ಹಿಂಚಕ್ರ ಹಗುರವಾಗುತ್ತದೆ, ಮಳೆಗಾಲದಲ್ಲಿ ಹಾವಸೆ ಕಟ್ಟಿದ ಡಾಂಬರಿನ ಮೇಲೆ ಅದು ಜಾರಿಬಿಡುತ್ತದೆ. ಕೂತೇ ತುಳಿಯಬಲ್ಲಷ್ಟು ಹಗುರವಾದ ಗೇರು ಮಲೆನಾಡಿನ ಸವಾರನಿಗೆ ಬೇಕೇ ಬೇಕು ಎಂದು ನಾನು ನಂಬಿರುವುದು ಮುಖ್ಯವಾಗಿ ಈ ಕಾರಣದಿಂದ; ಕಾಲಿನ ಆಯಾಸ ಎರಡನೆಯ ಮಾತು.

ನನ್ನದು ಶಿಮಾನೊ ಕಂಪನಿಯ 105, ಆರ್7000 ಸರಣಿಯ ಗೇರು ಭಾಗಗಳಿರುವ 11 ಸ್ಪೀಡ್ (ಹಿಂದೆ 11 ಗೇರುಗಳ) ಬೈಕು. ಮುಂದೆ ಪೆಡಲಿನ ಬಳಿ 50 ಮತ್ತು 34 ಹಲ್ಲುಗಳ ಎರಡು ಚಕ್ರಗಳಿರುವ ಕಾಂಪ್ಯಾಕ್ಟ್ ಕ್ರ್ಯಾಂಕ್, ಹಿಂದೆ 11ರಿಂದ 28 ಹಲ್ಲಿನವರೆಗಿನ ಕ್ಯಾಸೆಟ್ (ಹಿಂಚಕ್ರದ ಗೇರುಗಳ ಗೊಂಚಲು) ಇತ್ತು; ಅದನ್ನು ತೆಗೆದು 11-34 ಹಾಕಿದೆ. ಮುಂದಿನ 34ಕ್ಕೆ ಹಿಂದಿನ 28 ಸೇರಿದರೆ ಪೆಡಲಿನ ಒಂದು ಸುತ್ತಿಗೆ ಬೈಕು ಸುಮಾರು 2.55 ಮೀಟರ್ ಸಾಗುತ್ತದೆ. ಹಿಂದೆಯೂ 34 ಇದ್ದರೆ 2.1 ಮೀಟರ್. ಗಂಟೆಗೆ 7 ಕಿ.ಮೀ. ವೇಗದಲ್ಲಿ ಹತ್ತುವಾಗ ಮೊದಲನೆಯದರಲ್ಲಿ ನಿಮಿಷಕ್ಕೆ 46 ಸುತ್ತು, ಎರಡನೆಯದರಲ್ಲಿ 55-56 ಸುತ್ತು ತುಳಿಯಬೇಕಾಗುತ್ತದೆ. ಸವಾರ ಮತ್ತು ಬೈಕು ಸೇರಿ 85 ಕೆ.ಜಿ. ಇದ್ದು ಏರು ಶೇಕಡಾ 8 ಇದ್ದರೆ ಆ ವೇಗಕ್ಕೆ ಎರಡರಲ್ಲೂ 140 ವ್ಯಾಟ್‌ನಷ್ಟೇ ಶಕ್ತಿ ಬೇಕು. ಆದರೆ ಪ್ರತಿ ತುಳಿತಕ್ಕೆ ಹಾಕಬೇಕಾದ ಬಲ ಆರರಲ್ಲಿ ಒಂದು ಪಾಲಿಗಿಂತ ಹೆಚ್ಚೇ ಇಳಿಯುತ್ತದೆ, ಮಂಡಿಗೆ ಗೊತ್ತಾಗುವುದು ಇದೇ ವ್ಯತ್ಯಾಸ.

ಕ್ಯಾಸೆಟ್ ಒಂದನ್ನೇ ಬದಲಿಸಿದರೆ ಸಾಲದು. ಆರ್7000ರ ಗಿಡ್ಡ ಕೇಜಿನ (ಪುಟ್ಟ ಗಾಲಿಗಳಿರುವ ತೋಳಿನ) ಹಿಂದಿನ ಡಿರೇಲರ್, ಅಂದರೆ ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಭಾಗ, 30 ಹಲ್ಲಿನವರೆಗೆ ಮಾತ್ರ; 34ಕ್ಕೆ ಅದೇ ಸರಣಿಯ ಜಿಎಸ್, ಅಂದರೆ ಉದ್ದ ಕೇಜಿನದೇ ಆಗಬೇಕು. ಮುಂದಿನ ಎರಡು ಹಲ್ಲುಚಕ್ರಗಳ ಹಲ್ಲುಗಳ ಅಂತರ 16 (50-34), ಹಿಂದಿನ ಅಂತರ 23 (34-11), ಒಟ್ಟು 39 ಹಲ್ಲುಗಳಷ್ಟು ಸಡಿಲವಾಗುವ ಚೈನನ್ನು ಎಳೆದು ಹಿಡಿಯುವುದು ಕೇಜಿನ ಕೆಲಸ, ಜಿಎಸ್‌ಗೆ ಇರುವ ಮಿತಿಯೂ ಸರಿಯಾಗಿ 39. ಬದಲಾವಣೆಗೆ ಮುನ್ನ ಈ ಲೆಕ್ಕವನ್ನು ಪ್ರತಿಯೊಬ್ಬರೂ ತಮ್ಮ ಬೈಕಿಗೆ ಹಾಕಿ ನೋಡಿಕೊಳ್ಳಬೇಕು.

ಜೋಡಣೆಯನ್ನು ಮನೆಯಲ್ಲೇ ಮಾಡಿದೆ. ಎಚ್‌ಜಿ700 ಎಂಬ 11-34 ಕ್ಯಾಸೆಟ್ ಮೂಲತಃ ಕಿರಿದಾದ ಫ್ರೀಹಬ್ಬಿಗೆ (ಹಿಂಚಕ್ರದಲ್ಲಿ ಕ್ಯಾಸೆಟ್ ಕೂರುವ ಭಾಗಕ್ಕೆ) ತಯಾರಾದದ್ದು. ಆದ್ದರಿಂದ 11 ಸ್ಪೀಡ್ ರೋಡ್ ಚಕ್ರಕ್ಕೆ ಹಾಕುವಾಗ ಅದರ ಜೊತೆಗೇ ಬರುವ 1.85 ಮಿ.ಮೀ. ದಪ್ಪದ ಬಳೆಯನ್ನು ಮೊದಲು ಕೂರಿಸಬೇಕು, ಇಲ್ಲದಿದ್ದರೆ ಕ್ಯಾಸೆಟ್ಟನ್ನು ಹಿಡಿದಿಡುವ ಲಾಕ್‌ರಿಂಗ್ ಎಷ್ಟು ಬಿಗಿದರೂ ಕ್ಯಾಸೆಟ್ ಅಲುಗಾಡುತ್ತದೆ. ಹಳೆಯ ಚೈನು ಉದ್ದ ಸಾಲುವುದಿಲ್ಲವಾದ್ದರಿಂದ ಹೊಸದನ್ನು ತಂದು, ಡಿರೇಲರ್ ಮೂಲಕ ಹಾಯಿಸದೆ, ಮುಂದಿನ ದೊಡ್ಡ ಚಕ್ರ ಮತ್ತು ಹಿಂದಿನ 34ರ ಮೇಲೆ ಸುತ್ತಿ, ತುದಿಗಳು ಕೂಡುವಲ್ಲಿಂದ ಎರಡು ಕೊಂಡಿ ಹೆಚ್ಚು ಬಿಟ್ಟು ಕತ್ತರಿಸಿದೆ. ಚೈನು ಗಿಡ್ಡವಾದರೆ, ಕೈತಪ್ಪಿ ದೊಡ್ಡದಕ್ಕೆ ದೊಡ್ಡದು ಸೇರಿಸಿದ ಗಳಿಗೆಯಲ್ಲಿ ಡಿರೇಲರೇ ಕಿತ್ತುಬರಬಹುದು. ಆಮೇಲೆ ಡಿರೇಲರಿನ ತೆರಪು ಹೊಂದಿಸುವ ಬಿ-ಸ್ಕ್ರೂ ತಿರುಗಿಸುತ್ತಾ ಅದರ ಮೇಲಿನ ಪುಟ್ಟ ಗಾಲಿಗೂ 34 ಹಲ್ಲಿನ ಚಕ್ರಕ್ಕೂ ನಡುವೆ ಐದಾರು ಮಿ.ಮೀ. ತೆರಪು ಬರುವಂತೆ ಮಾಡಿದೆ. ತೆರಪು ಕಡಿಮೆಯಾದರೆ ಗಾಲಿ ಹಲ್ಲಿಗೆ ತಾಗಿ ಗರಗರ ಸದ್ದು ಬರುತ್ತದೆ, ಹೆಚ್ಚಾದರೆ ಗೇರು ಬೀಳುವುದು ತಡವಾಗುತ್ತದೆ. ಕೊನೆಗೆ ಡಿರೇಲರ್ ಒಳಗೆ ಎಷ್ಟು ಸರಿಯಬಹುದೆಂದು ತಡೆಯುವ ಒಳಮಿತಿಯ ಸ್ಕ್ರೂವನ್ನು ಬಹಳ ಎಚ್ಚರದಿಂದ ಹೊಂದಿಸಬೇಕು, ಏಕೆಂದರೆ ಅತಿ ಹಗುರ ಗೇರಿನಲ್ಲಿ ಡಿರೇಲರ್ ಹಿಂಚಕ್ರದ ಕಡ್ಡಿಗಳಿಗೆ ಬಹಳ ಸಮೀಪ ಬಂದಿರುತ್ತದೆ. ಬೈಕು ಯಾವಾಗಲಾದರೂ ಬಲಕ್ಕೆ ಬಿದ್ದಿದ್ದರೆ, ಇದಕ್ಕೂ ಮೊದಲು ಹ್ಯಾಂಗರ್ (ಡಿರೇಲರನ್ನು ಬೈಕಿಗೆ ತೂಗುಹಾಕುವ ತುಂಡು) ಬಾಗಿಲ್ಲವೆಂಬುದನ್ನು ಖಚಿತಪಡಿಸಿಕೊಳ್ಳಿ.

ಕಳೆದುಕೊಂಡದ್ದೂ ಇದೆ. ಹಳೆಯ ಕ್ಯಾಸೆಟ್ಟಿನ 12 ಮತ್ತು 14 ಹಲ್ಲಿನ ಗೇರುಗಳು ಹೊಸದರಲ್ಲಿ ಇಲ್ಲ. ಶಿವಮೊಗ್ಗದಿಂದ ಮಂಡಗದ್ದೆಯವರೆಗೆ ತುಂಗೆಯ ಪಕ್ಕದಲ್ಲಿ ಗುಂಪಿನೊಂದಿಗೆ ಸಾಗುವಾಗ 13 ಭಾರವೆನಿಸಿ 15 ಹಗುರವೆನಿಸುವುದುಂಟು. ಗುಂಪಿನ ವೇಗದ ಸವಾರಿಯನ್ನೇ ಇಷ್ಟಪಡುವವರಿಗೆ ಇದು ನಿಜವಾದ ಕೊರತೆ, ನನಗೆ ಅಲ್ಲ. ತೀರ್ಥಹಳ್ಳಿ ದಾಟಿ ಗುಡ್ಡೇಕೇರಿಯ ಕಡೆ ಹೋಗಿ ಕುಂದಾದ್ರಿ ಬೆಟ್ಟದ ಡಾಂಬರು ರಸ್ತೆಯನ್ನು ಬಸದಿಯವರೆಗೂ ಹತ್ತುವ ಆಸೆಯುಳ್ಳವರಿಗಂತೂ 34 ಕೂಡ ಕೆಲವೆಡೆ ಸಾಲದೆನಿಸಬಹುದು.

ಅಂಥವರಿಗೆ ಮುಂದಿನ ದಾರಿ ಶಿಮಾನೊದ ಕಚ್ಚಾ ರಸ್ತೆ ಬೈಕುಗಳ ಸರಣಿಯಾದ ಜಿಆರ್‌ಎಕ್ಸ್‌ನ 46-30 ಕ್ರ್ಯಾಂಕ್. ಆದರೆ ಅದರ ಚಕ್ರಗಳು ರೋಡ್ ಕ್ರ್ಯಾಂಕಿನವಕ್ಕಿಂತ 2.5 ಮಿ.ಮೀ. ಹೊರಗೆ ಕೂರುವುದರಿಂದ ಮುಂದಿನ ಡಿರೇಲರನ್ನೂ ಅದೇ ಸರಣಿಗೆ ಬದಲಿಸಬೇಕಾಗುತ್ತದೆ, ಖರ್ಚು ಏರುತ್ತದೆ. ಶಿಮಾನೊದ್ದೇ ಕೆಳದರ್ಜೆಯ ಸರಣಿಗಳಾದ ಕ್ಲಾರಿಸ್ ಆರ್2000 ಅಥವಾ ಸೋರಾ ಆರ್3000 ಇರುವ 8 ಮತ್ತು 9 ಸ್ಪೀಡ್ ಬೈಕಿನವರು ಹಿಂಜರಿಯಬೇಕಿಲ್ಲ: ಅವುಗಳ ಜಿಎಸ್ ಡಿರೇಲರ್ 34 ಹಲ್ಲನ್ನು ಒಪ್ಪುತ್ತದೆ, 11-34 ಕ್ಯಾಸೆಟ್ ಎರಡಕ್ಕೂ ಇದೆ, ಬೆಲೆಯೂ 11 ಸ್ಪೀಡಿನದಕ್ಕಿಂತ ಕಡಿಮೆ.